ನಾನು ಬರೋಬ್ಬರಿ ಎಂದ ಫ್ರೆಂಚು

ಐದನೆಯ ಇಯತ್ತೆಗೇ ಶಾಲೆ ಬಿಟ್ಟವನಿಗೆ ಒಂದು ಅನುಕೂಲವಿದೆ. ಅವನನ್ನು ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ ಗೊತ್ತಿಲ್ಲ ಎಂದರಾಯಿತು, ಬೇಸರಪಡುವವರಿಲ್ಲ. ಈ ಅನುಕೂಲವನ್ನು ನಾನು ಕೈಯಾರೆ ಕಳೆದುಕೊಂಡೆ, ಅದೂ ಫ್ರೆಂಚ್ ಭಾಷೆಯ ವಿಷಯದಲ್ಲಿ. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಮಾಲು ನೋಡುವ ನನಗೂ ಫ್ರೆಂಚಿಗೂ ನಡುವೆ ಇದ್ದವಳು ತಂಗಿ ರೇಣುಕಾ.

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯವರಿಗೆ ಫ್ರಾನ್ಸಿನ ಗಿರಾಕಿಗಳೊಡನೆ ಫೋನಿನಲ್ಲಿ ಮಾತಾಡುವವರು ಬೇಕಾಗಿದ್ದರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ರೇಣುಕಾ ಮೊಬೈಲಿನಲ್ಲೇ ವರ್ಷವಿಡೀ ಫ್ರೆಂಚ್ ಕಲಿತಳು. ಕಂಪನಿಯ ಪರೀಕ್ಷೆ ಹತ್ತಿರ ಬಂದಾಗ ಹಾಳೆಗಳ ಕಟ್ಟು ನನ್ನ ಕೈಗೆ ಕೊಟ್ಟಳು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಫ್ರೆಂಚ್.

"ನಾ ಹೇಳ್ತೇನಿ, ನೀ ಬಲಕಿಂದು ನೋಡಿ ತಪ್ಪಿದ್ರ ಹೇಳು. ಕನ್ನಡದಾಗ ಬರದು ಕೊಡ್ಲೇನಣ್ಣಾ?" ಎಂದಳು.

"ಯಾಕ, ನಾ ಏನ್ ಎಬಿಸಿಡಿ ಓದಿಲ್ಲೇನು?" ಎಂದೆ. ಓದಿದ್ದೆ. ಅಷ್ಟನ್ನೇ ಓದಿದ್ದೆ.

ಒಂದು ಇಡೀ ಹಾಳೆ ಟೈಮ್ ಎಂಬ ಒಂದೇ ಪದದ್ದು. ಟೈಮ್ ಎಷ್ಟಾತು, ಟೈಮಿಲ್ಲ, ದಿನಕ್ಕ ಮೂರು ಟೈಮ್ ಊಟ, ಎಲ್ಲಕ್ಕೂ ನಮಗೆ ಆ ಒಂದು ಪದ ಸಾಕು. ಫ್ರೆಂಚರಿಗೆ ಸಾಲದು. ಗಡಿಯಾರದ ಟೈಮಿಗೆ 'ಅರ್', ಕೈಯಲ್ಲಿ ಉಳಿದ ಟೈಮಿಗೆ 'ತಾಂ', ಎಷ್ಟು ಸಲ ಎನ್ನುವ ಟೈಮಿಗೆ 'ಫ್ವಾ'. ಗುಡ್ ಟೈಮ್ ಕಳೆದೆವು ಎನ್ನಲು ಟೈಮನ್ನೇ ಬಿಟ್ಟು ಖುಷಿಪಟ್ಟೆವು ಎನ್ನಬೇಕಂತೆ. ಇದೆಲ್ಲ ಈಗ ಗೊತ್ತು. ಆಗ ನನ್ನ ಲೆಕ್ಕ ಬೇರೆ ಇತ್ತು. ಅವಳು ತಡವರಿಸಿದರೆ "ಇನ್ನೊಮ್ಮೆ ಹೇಳು" ಎನ್ನುತ್ತಿದ್ದೆ. ಗಡಗಡ ಹೇಳಿದರೆ ಹಾಳೆಯ ಮೇಲೆ ಬೆರಳು ಓಡಿಸಿ "ಬರೋಬ್ಬರಿ" ಎನ್ನುತ್ತಿದ್ದೆ. ಅವಳು ಎಲ್ಲ ಟೈಮಿಗೂ ತಾಂ ಎಂದೇ ಗಡಗಡ ಹೇಳುತ್ತಿದ್ದಳು. "ಅವನೂ ಪರೀಕ್ಷಾಕ್ಕ ಕುಂದ್ರಲಿ ಬಿಡು" ಎಂದು ಅಡುಗೆಮನೆಯಿಂದ ಅವ್ವ ನಗುತ್ತಿದ್ದಳು. ಅಂಗಡಿಯಲ್ಲಿ ಕಾಯಿ ಮುರಿದು ಮೂಸದೆ ಒಂದು ಚೀಲಕ್ಕೂ ನಾನು ಬರೋಬ್ಬರಿ ಎಂದವನಲ್ಲ.

ರಾಣೆಬೆನ್ನೂರಿನಲ್ಲಿ, ಲಾರಿ ಟೈಮಿಗೆ ಬಂತು, ನಿಮಗೆ ಎರಡು ಟೈಮ್ ಫೋನ್ ಮಾಡಿದೆವು ಎಂಬುದನ್ನು ಫ್ರೆಂಚಿನಲ್ಲಿ ಹೇಳಲು ಕೇಳಿದರಂತೆ. ಇವಳು ಎರಡಕ್ಕೂ ತಾಂ ಎಂದಳು. ಕೆಲಸ ಹಾವೇರಿಯ ಒಬ್ಬ ಹುಡುಗಿಗೆ ಹೋಯಿತು. ಮನೆಗೆ ಬಂದವಳು ಅದೇ ಹಾಳೆ ಬಿಚ್ಚಿ, ಅರ್, ತಾಂ, ಫ್ವಾ ಎಂದು ಒಂದೊಂದಕ್ಕೂ ಬೆರಳಿಟ್ಟು ನನಗೆ ತೋರಿಸಿದಳು.

"ನಿನ್ನ ಮುಂದ ಎಲ್ಲಾ ಬರೋಬ್ಬರಿ ಹೇಳಿದ್ನಲ್ಲಣ್ಣಾ. ಅಲ್ಲಿ ಹೋದಕೂಡ್ಲೇ ತಲಿ ಕೆಡ್ತು. ಈ ತಲಿ ನಂಬಿ ಇನ್ನ ಯಾವ ಪರೀಕ್ಷಾಕ್ಕೂ ಕುಂದ್ರೂದಿಲ್ಲ ನಾ."

ಅವಳ ತಲೆಯದೇನೂ ತಪ್ಪಿಲ್ಲ ಎಂದು ಹೇಳಲು ನನ್ನ ಒಂದು ಮಾತು ಸಾಕಿತ್ತು. "ಇರ್ಲಿ ಬಿಡು, ಚಾ ಕುಡಿ" ಎಂದೆ.

ಹಾಳೆಗಳು ಟ್ರಂಕು ಸೇರಿದವು. ಈಗ ಅವಳು ನಮ್ಮ ಅಂಗಡಿಯಲ್ಲೇ ಹೆಂಗಸರ ಸಾಲಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾಳೆ. ಮೊನ್ನೆ ಒಂದು ಬುಟ್ಟಿ ಮುಗಿಸಿ, "ನೋಡಣ್ಣಾ, ಬರೋಬ್ಬರಿ ಐತೇನು?" ಎಂದಳು. ಬರೋಬ್ಬರಿಯಾಗಿಯೇ ಇತ್ತು. ಹಾಗೆನ್ನುವ ಬದಲು ಕೆಮ್ಮಿದೆ. ಮೆಣಸಿನಕಾಯಿ ಅಂಗಡಿಯಲ್ಲಿ ಕೆಮ್ಮಿದರೆ ಯಾರೂ ಕಾರಣ ಕೇಳುವುದಿಲ್ಲ.

ಎದುರಿಗೆ ಹೇಳಲಾಗದೆ ಇದನ್ನು ಬರೆದಿದ್ದೇನೆ. ನಾನು ಏನು ಬರೆದರೂ ಒತ್ತಕ್ಷರ, ದೀರ್ಘ ತಿದ್ದಿಕೊಡುವವಳು ರೇಣುಕಾ. ಇದನ್ನೂ ನಾಳೆ ಅವಳ ಕೈಗೇ ಕೊಡಬೇಕು. ಓದದೆ ಬರೋಬ್ಬರಿ ಎನ್ನುವ ಚಟ ಅವಳಿಗಿಲ್ಲ.