ಪಾರಿಸಪ್ಪನ ಮೊಂಡು ಚಾಕುಗಳು

ಮಳೆಗಾಲದ ತಂಪಿಗೆ ತುಕ್ಕು ಹಿಡಿದೀತೆಂದು ಪಾರಿಸಪ್ಪ ಅಂದು ಬೆಳಗ್ಗೆ ತನ್ನ ಚಾಕುಗಳನ್ನೆಲ್ಲ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಬಿಸಿಲಿಗೆ ಹರವಿದ. ಅದನ್ನು ಬಿಟ್ಟು ನೆಟ್ಟಗೆ ಅಂಗಡಿಗೆ ಹೋಗಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಬನಹಟ್ಟಿಯ ಪೇಟೆಯಲ್ಲಿ ಅವನದು ಸೀರೆ ಅಂಗಡಿ. ಜೈನರ ಮನೆತನ. ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ನೀರು ಸೋಸಿಯೇ ಕುಡಿಯಬೇಕು, ಗಜ್ಜರಿ ಉಳ್ಳಾಗಡ್ಡಿ ಹೊಸ್ತಿಲು ದಾಟಬಾರದು. ಇರುವೆಯ ಸಾಲು ಅಡ್ಡ ಬಂದರೆ ನಿಂತು ದಾರಿ ಬಿಡುವ ಮನುಷ್ಯ ಅವನು. ಅಂಥವನಿಗೆ ಚಾಕು ಕೂಡಿಸುವ ಹುಚ್ಚು ಎಲ್ಲಿಂದ ಅಂಟಿತೋ ಯಾರಿಗೂ ತಿಳಿಯದು. ಎಲೆ ಅಡಿಕೆಯ ಪುಟ್ಟ ಚಾಕು, ರಬಕವಿಯ ನೇಕಾರರ ಕೈಯಲ್ಲಿ ನೂಲು ಕೊಯ್ದು ಕೊಯ್ದು ಸವೆದ ಚಾಕು, ಹಿತ್ತಾಳೆಯ ಮೀನಿನ ಹೊಟ್ಟೆಯೊಳಗೆ ಮಡಚಿಕೊಳ್ಳುವ ಚೂರಿ, ಹೀಗೆ ಒಂದೊಂದನ್ನೂ ಹುಡುಕಿ ತಂದಿದ್ದ. ಎಲ್ಲಕ್ಕೂ ಮೇಲಿನದು ಗಲಗಲಿಯ ಅಂಬಿಗನೊಬ್ಬನನ್ನು ಕಾಡಿ ಬೇಡಿ ತಂದ ಕೋಡಿನ ಹಿಡಿಕೆಯ ಚಾಕು. ಹೊಳೆಯ ನೀರು, ಕೈಯ ಬೆವರು ಎರಡನ್ನೂ ಕುಡಿದು ಅದರ ಅಲಗಿಗೆ ಕಡುನೀಲಿ ಬಣ್ಣ ಬಂದಿತ್ತು. ಆ ಮುಪ್ಪಿನ ಬಣ್ಣ ನೋಡುತ್ತ ಕೂತರೆ ಪಾರಿಸಪ್ಪನಿಗೆ ಹಸಿವೆ ಕೂಡ ಆಗುತ್ತಿರಲಿಲ್ಲ.

ತನ್ನ ಕೈಗೆ ಬಂದ ಚಾಕು ಮತ್ತೆ ಏನನ್ನೂ ಕೊಯ್ಯಬಾರದು ಎಂಬುದು ಅವನ ನೇಮ. ಎಣ್ಣೆ ಹಚ್ಚುತ್ತಿದ್ದನೇ ಹೊರತು ಸಾಣೆ ಹಿಡಿಸುತ್ತಿರಲಿಲ್ಲ. "ಹೊರಗ ಇದ್ರ ಏನರ ಕೊಯ್ತಾವು. ನನ್ನ ಕಡೆ ಇದ್ರ ಸುಮ್ನ ಇರ್ತಾವು. ಇದೂ ಒಂದು ಅಹಿಂಸಾನ" ಎನ್ನುತ್ತಿದ್ದ. ಕೇಳಿದವರು ಹೌದೆಂದು ತಲೆಯಾಡಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅಂದು ಬೆಳಗ್ಗೆ ಮಗ್ಗುಲ ಮಾಳಿಗೆಯಲ್ಲಿ ಧೋತರ ಒಣಹಾಕುತ್ತಿದ್ದ ಶಿವಯೋಗೆಪ್ಪ ಇಣುಕಿ ನೋಡಿದ. ನೌಕರಿಯಿಂದ ನಿವೃತ್ತನಾದ ಮೇಲೆ ಓಣಿಯ ಸುದ್ದಿಯೇ ಅವನ ನೌಕರಿ.

"ಪಾರಿಸಪ್ಪ, ಇವತ್ತ ಯಾರ ಸರದಿಪಾ?"

"ಎಣ್ಣಿ ಹಚ್ಚಾಕತ್ತೇನ್ರಿ, ಅಷ್ಟ."

"ಹಚ್ಚು, ಹಚ್ಚು. ನಾ ಏನೂ ನೋಡಿಲ್ಲ" ಎಂದು ಶಿವಯೋಗೆಪ್ಪ ಇನ್ನಷ್ಟು ಬಗ್ಗಿ ನೋಡಿದ.

ಅಷ್ಟರಲ್ಲಿ ಹೆಂಡತಿ ಅಕ್ಕವ್ವ ಮೊಬೈಲು ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದಳು. "ಏನ್ರಿ, ಜಮಖಂಡಿ ಬೀಗರು ಐತವಾರ ಬರಾವ್ರು ಇವತ್ತ ಬರ್ತಾರಂತ! ತೇರದಾಳಕ್ಕ ಬಂದಾರಂತ, ಮಧ್ಯಾಹ್ನ ಹಂಗ ಕ್ಷಮಾನ ನೋಡ್ಕೊಂಡು ಹೋಗ್ತಾರಂತ."

"ಬರಲಿ, ಛಲೋ ಆತು."

"ಏನ ಛಲೋ ಆತು? ಇವು ಮನ್ಯಾಗ ಇರಬಾರ್ದು. ಕ್ವಾಣ್ಯಾಗ ಇಡೂದಲ್ಲ, ಅಟ್ಟದ ಮ್ಯಾಲ ಇಡೂದಲ್ಲ. ಮನಿ ಬಿಟ್ಟ ಹೋಗಬೇಕು."

ಅಕ್ಕವ್ವನ ಮಾತಿಗೆ ಕಾರಣವಿತ್ತು. ಹೋದ ವರ್ಷ ಮುಧೋಳದವರು ಹೆಣ್ಣು ನೋಡಲು ಬಂದಾಗ ಹುಡುಗನ ಕಾಕಾ ಕೈ ತೊಳೆಯಲೆಂದು ಎದ್ದು, ಬಚ್ಚಲ ಬಾಗಿಲೆಂದು ಚಾಕುಗಳ ಕೋಣೆಯ ಬಾಗಿಲು ತೆಗೆದಿದ್ದ. ಗೋಡೆ ತುಂಬ ಚಾಕು. ಅವನು ಕೈಯನ್ನೂ ತೊಳೆಯಲಿಲ್ಲ, ಬಶಿಯಲ್ಲಿದ್ದ ಶಿರಾವನ್ನೂ ಮುಗಿಸಲಿಲ್ಲ. "ಮನಿಗೆ ಹೋಗಿ ಫೋನ್ ಮಾಡ್ತೀವ್ರಿ" ಎಂದು ಹೋದವರು ಇಂದಿಗೂ ಮಾಡಿಲ್ಲ.

"ಈ ಸಂಬಂಧಾನೂ ತಪ್ಪಿತಂದ್ರ ನಾ ಇವನ್ನೆಲ್ಲ ತೂಕದ ಮ್ಯಾಲ ಗುಜರಿಯವ್ಗ ಹಾಕ್ತೀನಿ, ಹೇಳಿದ್ದಿಲ್ಲ ಅನಬ್ಯಾಡ್ರಿ" ಎಂದು ಅಕ್ಕವ್ವ ಇಳಿದು ಹೋದಳು.

ಪಾರಿಸಪ್ಪ ಕೆಳಗೆ ಬಂದ. ಮಗಳು ಕ್ಷಮಾ ಕನ್ನಡಿಯ ಮುಂದೆ ಹೆರಳು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದುದು ಅಪ್ಪನ ಕಣ್ಣಿಗೆ ಬಿತ್ತು. ಮುಧೋಳದವರು ಬಂದಾಗ ಅವಳು ಹೀಗೆ ಮಾಡಿರಲಿಲ್ಲ. ಪಾರಿಸಪ್ಪ ಮತ್ತೆ ಮಾಳಿಗೆ ಹತ್ತಿದ. ಚಾಕುಗಳನ್ನು ಸೀರೆಯಲ್ಲಿ ಕಟ್ಟಿ ಗಂಟು ಹೆಗಲಿಗೇರಿಸಿದ.

ಮೊದಲು ಹೋಗಿದ್ದು ಶಿವಯೋಗೆಪ್ಪನ ಮನೆಗೆ. ಬಾಯಿ ಮುಚ್ಚಿಸಿದಂತೆಯೂ ಆಯಿತು, ಗಂಟು ಇಟ್ಟಂತೆಯೂ ಆಯಿತು ಎಂದು ಅವನ ಲೆಕ್ಕ. ಶಿವಯೋಗೆಪ್ಪ ಬಾಗಿಲನ್ನು ಅರ್ಧ ತೆರೆದು, "ನಿನಗ ಗೊತ್ತಿಲ್ಲೇನೋ? ನನಗೂ ಸೊಸಿಗೂ ಮಾತಿಲ್ಲ. ಮನ್ಯಾಗಿನ ಒಂದು ಈಳಿಗಿ ನೋಡಿನ ನಾ ಗ್ವಾಡಿ ಕಡೆ ಬೆನ್ನ ಹಚ್ಚಿ ಮಲಗ್ತೀನಿ. ಒಯ್ಯಪಾ, ಒಯ್ಯಿ" ಎಂದು ಚಿಲಕ ಹಾಕಿಕೊಂಡ.

ಪೇಟೆಯಲ್ಲಿ ಫರಾಳದ ಅಂಗಡಿ ಇಟ್ಟ ಚನಮಲ್ಲಪ್ಪ ಬಾಲ್ಯದ ಗೆಳೆಯ. ಅವನು ಗಂಟನ್ನು ಮುಟ್ಟಿದ್ದೇ ಬಿಸಿ ಬಾಣಲೆ ಮುಟ್ಟಿದಂತೆ ಕೈ ತೆಗೆದ. "ಅಣ್ಣತಮ್ಮರ ಪಾಲ ನಡದೈತೋ ಮಾರಾಯಾ. ನನ್ನ ಅಂಗಡ್ಯಾಗ ಇಷ್ಟ ಚಾಕು ಕಂಡ್ರ ನಮ್ಮಣ್ಣ ನೆಟ್ಟಗ ಸ್ಟೇಷನ್ನಿಗೆ ಹೋಗ್ತಾನ. ಬೇಕಂದ್ರ ಒಂದು ಕಿಲೋ ಚೂಡಾ ಒಯ್ಯಿ."

ಕೊನೆಗೆ ನೆನಪಾದವನು ಚಿಮ್ಮಡದ ಕಾಮಣ್ಣ. ಕುರಿ ಸಾಕುವವ, ಬೀರೇಶ್ವರನ ಭಕ್ತ, ವರ್ಷವರ್ಷ ಕಂಬಳಿ ತಂದು ಪಾರಿಸಪ್ಪನ ಅಂಗಡಿಗೆ ಹಾಕುವ ನಂಬಿಗಸ್ಥ. ಪಾರಿಸಪ್ಪ ಓಡುತ್ತ ಹೋಗಿ ಬಸ್ಸು ಹತ್ತಿದ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ತಗ್ಗಿಗೆ ಬಸ್ಸು ಹಾರಿತು, ಗಂಟು ಸಡಿಲಾಯಿತು, ಸೀರೆಯ ಸಂದಿಯಿಂದ ಹಿತ್ತಾಳೆ ಮೀನಿನ ಚೂರಿ ಜಾರಿ ಕಂಡಕ್ಟರನ ಬೂಟಿನ ಮೇಲೆ ಬಿತ್ತು. ಮೂವರು ಕೂಡುವ ಸೀಟಿನಲ್ಲಿ ಐವರು ಕೂತಿದ್ದರಲ್ಲ, ಅಷ್ಟೂ ಮಂದಿ ಎದ್ದರು.

"ಕೂಡ್ರಿ ಸಾವ್ಕಾರ್ರ" ಎಂದ ಕಂಡಕ್ಟರ್, ಬಹಳ ಮೆಲ್ಲಗೆ. "ಆರಾಮ ಕೂಡ್ರಿ. ಚಿಲ್ಲರ ಇಲ್ಲಂದ್ರೂ ನಡೀತೈತಿ."

"ತಪ್ಪ ತಿಳ್ಕೊಬ್ಯಾಡ್ರಿ, ನಾ ಜೈನ್ರಾಂವ" ಎಂದು ಪಾರಿಸಪ್ಪ ಸುತ್ತಲಿನವರಿಗೆ ಹೇಳಿದ. ಅದರಿಂದ ಯಾರಿಗೂ ಧೈರ್ಯ ಬಂದಂತೆ ಕಾಣಲಿಲ್ಲ. ಚಿಮ್ಮಡದವರೆಗೆ ಇಡೀ ಸೀಟು ಅವನೊಬ್ಬನದೇ ಆಯಿತು, ಅಷ್ಟು ಹಾಯಾಗಿ ಅವನು ಎಂದೂ ಪ್ರಯಾಣ ಮಾಡಿರಲಿಲ್ಲ.

ಕಾಮಣ್ಣನ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಸಾಣೆಯವನೊಬ್ಬ ಗಾಲಿ ತಿರುಗಿಸುತ್ತ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದ. ಕಾಮಣ್ಣ ಕುರಿಗಳ ಹತ್ತಿರ ಹೋಗಿದ್ದ. ಅವನ ಹೆಂಡತಿ ಮಾಯವ್ವ ಗಂಟು ಬಿಚ್ಚಿ ನೋಡಿದಳು. ಹೆದರಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಒಂದು ಚಾಕು ಎತ್ತಿ ಹೆಬ್ಬೆರಳು ಸವರಿ, "ಅಯ್ಯ ಶಿವನ! ಇದು ಬೆಣ್ಣಿನೂ ಕೊಯ್ಯಂಗಿಲ್ಲಲ್ರಿ ಸಾವ್ಕಾರ್ರ" ಎಂದಳು.

"ಅದಿರಲಿ ತಂಗಿ. ಕಾಮಣ್ಣಗ ಹೇಳ, ಅಂವಗೆಲ್ಲಾ ತಿಳೀತೈತಿ. ಬಸ್ಸ ಹೊಳ್ಳಿ ನಿಂತೈತಿ, ನಾ ಹೊಂಟೆ" ಎಂದು ಪಾರಿಸಪ್ಪ ಬಂದ ಕಾಲಲ್ಲೇ ತಿರುಗಿದ. ಬೇವಿನ ಗಿಡದ ಕಡೆ ಅವನು ಎರಡನೆಯ ಸಲ ನೋಡಲಿಲ್ಲ.

ಮನೆ ಮುಟ್ಟುವಷ್ಟರಲ್ಲಿ ಬೀಗರು ಬಂದು ಕೂತಿದ್ದರು. ಹುಡುಗ ಕುಣಾಲ, ಅವನ ತಂದೆ, ತಾಯಿ. ಜೈ ಜಿನೇಂದ್ರ ಎಂದು ಕೈ ಮುಗಿದದ್ದಾಯಿತು, ಶಿರಾ ಉಪ್ಪಿಟ್ಟು ಬಂದವು. ಏನಾಗುತ್ತದೋ ನೋಡೋಣವೆಂದು ಸಕ್ಕರೆ ಕೇಳುವ ನೆಪದಲ್ಲಿ ಶಿವಯೋಗೆಪ್ಪನೂ ಬಂದು ಕೂತಿದ್ದ. ಕ್ಷಮಾ ಚಹಾ ತಂದಳು. ಕುಣಾಲ ಅವಳನ್ನು ನೋಡಿದ, ಅವಳು ಅವನ ಬಶಿ ನೋಡಿದಳು, ಇಬ್ಬರ ಕಿವಿಯೂ ಕೆಂಪಾಯಿತು.

"ಪಾರಿಸಪ್ಪನ ಹವ್ಯಾಸ ಭಾಳ ದೊಡ್ಡದ್ರಿ" ಎಂದು ಶಿವಯೋಗೆಪ್ಪ ಮೆಲ್ಲಗೆ ಸುರು ಮಾಡಿದ.

"ಹವ್ಯಾಸಾ? ಏನೂ ಇಲ್ರಿ" ಎಂದ ಪಾರಿಸಪ್ಪ. "ಅಂಗಡಿ, ಮನಿ, ಬಸದಿ. ಅಷ್ಟ ನಂದು."

ಹವ್ಯಾಸವೆಂಬ ಮಾತು ಕೇಳಿದ್ದೇ ಬೀಗತಿ ಯಾಕೋ ಮಗನ ಕಡೆ ಕಣ್ಣು ಬಿಟ್ಟಳು. ಕುಣಾಲ ತಲೆ ತಗ್ಗಿಸಿ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದ. ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಅದೇ ಹೊತ್ತಿಗೆ ಹೊರಗೆ ಮೋಟಾರ್ ಸೈಕಲ್ ಸದ್ದಾಯಿತು.

ಕಾಮಣ್ಣ ಒಳಗೆ ಬಂದ, ಹೆಗಲ ಮೇಲೆ ಅದೇ ಗಂಟು. ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ. "ಸಾವ್ಕಾರ್ರ, ಸಾಣಿ ಹಿಡಸ್ಬೇಕಂತ ಹೇಳಿ ಹೋಗೂದಲ್ಲೇನ್ರಿ? ಸಾಣಿಯಾಂವ ನಮ್ಮ ಮನಿ ಮುಂದನ ಕುಂತಿದ್ದ. ಎಲ್ಲಾ ಸಾಣಿ ಹಿಡಿಸಿ ತಂದೇನಿ. ಮಂದಿ ಮನಿ ಹರಿತ ಸಾಮಾನು ರಾತ್ರಿ ಇಟ್ಕೊಬಾರ್ದಂತ ಮಾಯವ್ವ ಈಗಿಂದೀಗ ಓಡಿಸಿದ್ಲು. ನೋಡ್ರಿ ಈಗ!"

ಜಮಖಾನದ ನಟ್ಟನಡುವೆ ಗಂಟು ಬಿಚ್ಚಿಕೊಂಡಿತು. ಬಾಗಿಲ ಬಿಸಿಲು ಬಿದ್ದು ಚಾಕುಗಳೆಲ್ಲ ಫಳಫಳ ಹೊಳೆದವು. ಅಂಬಿಗನ ಚಾಕಿನ ಕಡುನೀಲಿ ಬಣ್ಣ ಮಾಯವಾಗಿ ಅದು ಅಂಗಡಿಯ ಹೊಸ ಚಮಚದ ಹಾಗೆ ಬೆಳ್ಳಗೆ ನಗುತ್ತಿತ್ತು. ಹತ್ತಾರು ವರ್ಷದ ಮುಪ್ಪನ್ನು ಒಂದು ಗಾಲಿ ಒಂದೇ ಮಧ್ಯಾಹ್ನದಲ್ಲಿ ತಿಂದು ಹಾಕಿತ್ತು.

ಕಾಮಣ್ಣ ಉಮೇದಿಯಿಂದ ಒಂದು ಚಾಕು ಎತ್ತಿ ಬೀಗತಿಯ ಕಡೆ ಚಾಚಿದ. "ನೋಡ್ರಿ ಅವ್ವಾರ, ಹೆಂಗೈತಿ ಧಾರಿ!"

"ಕೈಯಾಗ ಕೊಡಬ್ಯಾಡೋ!" ಎಂದು ಮನೆಯೇ ಒಟ್ಟಿಗೆ ಕೂಗಿತು. ಚಾಕು ಕೈಯಿಂದ ಕೈಗೆ ಹೋದರೆ ಜಗಳ ಹುಟ್ಟುತ್ತದೆಂಬುದು ಯಾರಿಗೆ ಗೊತ್ತಿಲ್ಲ? ಅದೂ ಸಂಬಂಧ ಕೂಡುವ ದಿನ. ಕಾಮಣ್ಣ ಬೆಚ್ಚಿ ಅದನ್ನು ನೆಲಕ್ಕಿಟ್ಟ. ಅಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕ್ಷಮಾಳ ಕಣ್ಣಲ್ಲಿ ನೀರು ತುಂಬಿತ್ತು. ಶಿವಯೋಗೆಪ್ಪ ಮಾತ್ರ ಶಿರಾದ ಬಶಿಯನ್ನು ಹತ್ತಿರ ಎಳೆದುಕೊಂಡ.

ಬೀಗತಿ ಚಾಕುಗಳನ್ನು ದಿಟ್ಟಿಸಿ ನೋಡಿ ಗಂಭೀರವಾಗಿ ಕೇಳಿದಳು: "ಎಲ್ಲಾ ನೀವು ಕೂಡಿಸಿದ್ದೇನ್ರಿ ಬೀಗರ?"

ಇನ್ನು ಮುಚ್ಚಿಡುವುದೇನಿತ್ತು? "ಹೌದ್ರಿ" ಎಂದ ಪಾರಿಸಪ್ಪ.

"ಇವು ಸಪ್ಪಳಾ ಮಾಡ್ತಾವೇನ್ರಿ?"

"ಚಾಕುಗಳಾ? ಇಲ್ರಿ."

"ಹಂಗಾರ ಏನೂ ಅಡ್ಡಿ ಇಲ್ಲ ಬಿಡ್ರಿ" ಎಂದು ಬೀಗತಿ ನಿಟ್ಟುಸಿರು ಬಿಟ್ಟಳು. ನೆಲದ ಮೇಲಿನ ಚಾಕು ಎತ್ತಿಕೊಂಡು ಬಶಿಯಲ್ಲಿದ್ದ ಪೇರಲ ಹಣ್ಣಿಗೆ ತಾಗಿಸಿದಳು. ಹಣ್ಣು ತಾನಾಗಿಯೇ ಎರಡು ಹೋಳಾದಂತೆ ಕಂಡಿತು. "ಅಗದಿ ಬೆಣ್ಣಿ ಕೊಯ್ದಂಗ ಆತಲ್ರಿ! ಈಗಿನ ಚಾಕು ಟೊಮೇಟೊ ಕೊಯ್ಯಂದ್ರ ಹಿಂಡತಾವು. ಇದೊಂದು ನಾ ಒಯ್ಲ್ಯಾ?"

"ಒಂದ್ಯಾಕ್ರಿ, ಎಷ್ಟ ಬೇಕಷ್ಟ ಒಯ್ರಿ!" ಎಂದಳು ಅಕ್ಕವ್ವ. ಅವಳ ದನಿಯಲ್ಲಿ ಎಷ್ಟೋ ವರ್ಷ ಕಾದಿದ್ದ ಸಂತೋಷವಿತ್ತು. ಬೀಗತಿಗೆ ಉಡಿ ತುಂಬಿ, ಕುಪ್ಪಸದ ಬಟ್ಟೆಯ ಮಗ್ಗುಲಲ್ಲೇ ಚಾಕುಗಳನ್ನು ನೆಲಕ್ಕಿಟ್ಟಳು. ಬೀಗತಿ ಒಂದೊಂದೇ ಎತ್ತಿಕೊಂಡಳು. ಶಿವಯೋಗೆಪ್ಪ ಗಂಟಲು ಸರಿಮಾಡಿಕೊಂಡು, "ಆ ಎಲಿ ಅಡಿಕಿದು ಸಣ್ಣದೈತಲ್ಲ, ಅದು ನಮ್ಮ ಸೊಸಿಗೆ ಆಕ್ಕೈತಿ. ಕೊಟ್ರ ಮಾತಾಡ್ಯಾಳು" ಎಂದ. ಕಾಮಣ್ಣನೂ ಮಾಯವ್ವನಿಗೆಂದು ಒಂದನ್ನು ರುಮಾಲಿಗೆ ಸಿಕ್ಕಿಸಿಕೊಂಡ. ಬೆಳಗಿನಿಂದ ಗಂಟನ್ನು ಮುಟ್ಟಲು ಹೆದರಿದ ಜಗತ್ತು ಈಗ ಅದರ ಸುತ್ತ ಕೂತು ಆರಿಸುತ್ತಿತ್ತು.

ಕೊನೆಗೆ ಉಳಿದದ್ದು ಅಂಬಿಗನ ಚಾಕು ಒಂದೇ. ಪಾರಿಸಪ್ಪ ಮೆಲ್ಲನೆ ಅದರ ಮೇಲೆ ಟವೆಲ್ಲು ಎಳೆದ. ಕುಣಾಲನ ತಂದೆಯ ಕಣ್ಣು ಚುರುಕಾಗಿತ್ತು. "ಮದುವ್ಯಾಗ ದೃಷ್ಟಿ ಆಗಬಾರ್ದಂತ ಕುಣಾಲನ ಕೈಯಾಗ ಲಿಂಬಿಹಣ್ಣು ಚುಚ್ಚಿ ಹಿಡ್ಯಾಕ ಇದ ಬೇಕ್ರಿ. ಬೀಗರ ಮನಿದಂದ್ರ ಶೋಭಾ!" ಎಂದು ತಮ್ಮ ಚೀಲಕ್ಕೆ ಸೇರಿಸಿದರು. ಅಂದರೆ ಮದುವೆ ಗಟ್ಟಿಯಾಯಿತು. ಕ್ಷಮಾ ಒಳಗೋಡಿದಳು, ಅವಳ ನಗು ಅಡಿಗೆಮನೆಯಿಂದ ಕೇಳಿಸಿತು. ಲಿಂಬಿಯ ಹುಳಿ ಕಬ್ಬಿಣಕ್ಕೆ ಏನು ಮಾಡುತ್ತದೆಂದು ಹೇಳಲು ಬಾಯಿ ತೆರೆದಿದ್ದ ಪಾರಿಸಪ್ಪ ಆ ನಗು ಕೇಳಿ ಸುಮ್ಮನಾದ. ಹೋಗಲಿ, ಜೈನರ ಅಡಿಗೆಮನೆ ಸೇರಿದವು ಹೀರೇಕಾಯಿ, ಸೌತೆಕಾಯಿ ಬಿಟ್ಟು ಬೇರೇನು ಕೊಯ್ದಾವು?

ಖಾಲಿ ಸೀರೆ ಮಡಚಿಕೊಂಡು ಅವನು ಅಂಗಳಕ್ಕೆ ಬಂದ. ಹಿಂದೆಯೇ ಕುಣಾಲ ಬಂದ.

"ಬ್ಯಾಸರಾತೇನ್ರಿ ಮಾಮಾರ?"

ಬೆಳಗಿನಿಂದ ಹಾಗೆ ಕೇಳಿದವನು ಇವನೊಬ್ಬನೇ. ಪಾರಿಸಪ್ಪನಿಗೆ ಅಳಿಯನ ಮೇಲೆ ಮಮತೆ ಉಕ್ಕಿತು. "ಹೂಂ, ಒಂದೀಟ ಆತಪಾ" ಎಂದ.

"ನಿಮ್ಮ ಸಂಕಟ ನನಗ ತಿಳೀತೈತ್ರಿ. ನಂದೂ ಒಂದೈತಿ" ಎಂದು ಕುಣಾಲ ಸುತ್ತ ನೋಡಿ ಕಾರಿನ ಡಿಕ್ಕಿ ತೆಗೆದ. ಒಳಗೆ ಚೀಲಗಟ್ಟಲೆ ಹಾರನ್ನುಗಳು. ಹಳೆಯ ಲಾರಿಯವು, ರಬ್ಬರ್ ಚೆಂಡಿನವು, ಹಿತ್ತಾಳೆಯ ತುತ್ತೂರಿಯಂಥವು. "ಬರೂ ವಾರ ನೀವು ನಮ್ಮ ಮನಿ ನೋಡಾಕ ಬರ್ತೀರಂತ ಅವ್ವ ಎಲ್ಲಾ ಹೊರಗ ಹಾಕ್ಯಾಳ್ರಿ. ಬೀಳಗಿ ಸಂಬಂಧ ಇದರಿಂದನ ತಪ್ಪಿತು. ಅವರಜ್ಜ ಮಲಗಿದ್ದ, ನಾ ಒಂದು ಸಲ ಊದಿದ್ದೆ. ಜಮಖಂಡ್ಯಾಗ ಯಾರೂ ಇಟ್ಕೊಳ್ಳವಲ್ರು. ನಿಮ್ಮ ಚಾಕು ಇಡೂ ಜಾಗಾ ಹೆಂಗೂ ಖಾಲಿ ಆಗೇತಲ್ರಿ ಮಾಮಾರ..."

ಪಾರಿಸಪ್ಪ ಆ ಮುಖ ನೋಡಿದ. ಬೆಳಗ್ಗೆ ಗಂಟು ಹೊತ್ತು ಬಾಗಿಲು ಬಾಗಿಲು ಅಲೆದ ಮುಖವೇ ಅದು. "ತಾರಪಾ ಒಳಗ" ಎಂದ. "ನಾ ಸಾಣಿ ಹಿಡಸಂಗಿಲ್ಲ, ಹೆದರಬ್ಯಾಡ."

ಮೊದಲ ಚೀಲ ಒಳಗೆ ಬರುವಾಗ ಅಕ್ಕವ್ವ ಬಾಗಿಲಲ್ಲಿ ಸಿಕ್ಕಳು. "ಇದೇನ್ರಿ ಮತ್ತ?" ಎಂದು ಗಂಡನ ಮೇಲೆ ಹರಿಹಾಯ್ದಳು. "ಅಳ್ಯಾಂದು" ಎಂದ ಪಾರಿಸಪ್ಪ. ಅಕ್ಕವ್ವ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಅಳಿಯನ ಮಾತು ತೆಗೆದುಹಾಕುವುದುಂಟೇ? "ಇಡಪಾ, ನಿನ್ನ ಮನಿನ ಇದು" ಎಂದು ನಕ್ಕಳು. ನಗುವಾಗ ಗಂಡನ ಕಡೆ ನೋಡಿದ ನೋಟ ಮಾತ್ರ ಹಳೆಯದೇ ಆಗಿತ್ತು.

ಕುಣಾಲನಿಗೆ ಆನಂದ ತಡೆಯಲಾಗಲಿಲ್ಲ. ಎಲ್ಲಕ್ಕೂ ದೊಡ್ಡ ಹಾರನ್ ಎತ್ತಿಕೊಂಡು, "ಇದೊಂದು ಕೇಳ್ರಿ ಮಾಮಾರ" ಎಂದು ಅದರ ಚೆಂಡನ್ನು ಎರಡೂ ಕೈಯಿಂದ ಒತ್ತಿದ.

ಓಣಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಯಾರದೋ ಮನೆಯಲ್ಲಿ ತಾಟು ಬಿತ್ತು, ತೊಟ್ಟಿಲ ಕೂಸು ಚೀರಿತು. ಆಗಷ್ಟೇ ಮನೆ ಸೇರಿದ್ದ ಶಿವಯೋಗೆಪ್ಪ ಎಲೆ ಅಡಿಕೆಯ ಚಾಕು ಕೈಯಲ್ಲಿ ಹಿಡಿದೇ ಮಾಳಿಗೆಗೆ ಓಡಿಬಂದು, ಬಗ್ಗಿ, ಕೈ ಮುಗಿದ.

"ಪಾರಿಸಪ್ಪ, ನಾ ಇದನ್ನ ಹೊಳ್ಳಿ ಕೊಡ್ತೀನಿ, ಎಲ್ಲಾರೂ ಹೊಳ್ಳಿ ಕೊಡೂಹಂಗ ಮಾಡ್ತೀನಿ. ಚಾಕುನ ಇಟ್ಕೊಳೋ ಯಪ್ಪಾ! ಅವಾದ್ರ ಸುಮ್ನ ಇರ್ತಿದ್ದುವು."