ಬೆರಳುಗಳು ಗೋಡೆ ಹತ್ತಿದ್ದು

ಡಾಕ್ಟರು ಕೈಯೆತ್ತಿದರು ಎಂದರೆ ಯಾರ ಮನೆಯಲ್ಲಾದರೂ ಅಳು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಹೋದ ವರ್ಷ ನಾನು ಒಂದಿಷ್ಟು ಕೈಯೆತ್ತಿದ ದಿನವೆಲ್ಲ ಹಬ್ಬ. ಐವತ್ತೊಂದು ವರ್ಷ ಈ ಬಲಗೈಯನ್ನು ದುಡಿಸಿಕೊಂಡಿದ್ದೇನೆ. ಒಂದು ದಿನವೂ ಚೆನ್ನಾಗಿದ್ದೀಯಾ ಎಂದು ಅದನ್ನು ಕೇಳಿದವಳಲ್ಲ. ಬಲ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ಅದು ಮುನಿಸಿಕೊಂಡ ನೆಂಟರ ಹಾಗೆ ಪಕ್ಕೆಗೆ ಅಂಟಿಕೊಂಡು ಕೂತುಬಿಟ್ಟಿತು. ಎತ್ತಲು ಹೋದರೆ ಕಂಕುಳಿನಿಂದ ಮೊಣಕೈವರೆಗೆ ಒಳಗೆ ಯಾರೋ ತಂತಿ ಬಿಗಿದಂತೆ ಎಳೆತ. ತೋಳಿನ ಒಳಭಾಗ ಸವರಿದರೆ ಬೇರೆ ಯಾರದೋ ತೋಳು ಮುಟ್ಟಿದ ಹಾಗೆ ಜೋಮು. ದೊಡ್ಡ ದೊಡ್ಡ ಭಯಗಳಿಗೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದವಳು ನಾನು. ರವಿಕೆಯ ಒಂದು ತೋಳಿನಲ್ಲಿ ಸಿಕ್ಕಿಕೊಂಡು "ರೀ, ಬೇಗ ಬನ್ರೀ" ಎಂದು ಕೂಗುವ ಪಾಡು ಬರುತ್ತದೆಂದು ಯಾರೂ ಹೇಳಿರಲಿಲ್ಲ. ನನ್ನ ಗಂಡ ಬಸವರಾಜು ಓಡಿ ಬರುವರು, ಯಾವ ಕಡೆಯಿಂದ ಎಳೆಯಬೇಕೆಂದು ಯೋಚಿಸುತ್ತಾ ನಿಂತುಬಿಡುವರು.

ಫಿಸಿಯೋಥೆರಪಿಯ ಅಶ್ವಿನಿ ಹೇಳಿಕೊಟ್ಟ ವ್ಯಾಯಾಮ ಕೇಳಿ ಮೊದಲು ನಗು ಬಂತು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡನ ಕಾಲಿನಂತೆ ಮೆಲ್ಲಗೆ ಮೇಲಕ್ಕೆ ನಡೆಸಬೇಕಂತೆ. "ಎಲ್ಲಿವರ್ಗೂ ಹೋಗುತ್ತೋ ಅಲ್ಲೊಂದು ಗುರುತು ಹಾಕಿ ಮೇಡಂ. ನಾಳೆ ಅದನ್ನ ದಾಟೋಕೆ ನೋಡಿ. ಎಳೆದ ಹಾಗೆ ಆಗ್ಬೇಕು, ಜೋರು ನೋವಾದ್ರೆ ನಿಲ್ಲಿಸ್ಬಿಡಿ" ಎಂದಳು. ಈ ಮಾತನ್ನು ಯಾರಿಗೆ ಹೇಳುತ್ತಿದ್ದೇನೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. ನಾನು ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ತಪಾಸಣೆಯ ಮೇಜಿನಲ್ಲಿರುವವಳು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಸ್ಪ್ರಿಂಗನ್ನು ವಾಪಸು ಕಳಿಸುವುದೇ ನನ್ನ ಉದ್ಯೋಗ. ಟೀವಿ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಟು, ಅದರ ಪಕ್ಕ ತಾರೀಕು, ತಾರೀಕಿನ ಪಕ್ಕ ಮಿಲಿಮೀಟರ್. ಬಸವರಾಜು ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಸ್ಟೀಲ್ ಸ್ಕೇಲ್ ಹಿಡಿದು ಹಾಜರಾಗಬೇಕು. "ಒಂಬತ್ತು ಮಿಲಿಮೀಟರ್ ಜಾಸ್ತಿ!" ಎಂದು ಅವರು ಕುಣಿದರೆ, "ಇಲ್ಲ ಬಿಡಿ, ಹಿಮ್ಮಡಿ ಎತ್ತಿದ್ದೆ, ರಿಜೆಕ್ಟ್" ಎನ್ನುವೆ. "ಅಲ್ಲ ಕಣೇ, ನಿನ್ನ ಕೈನೇ ನೀನು ರಿಜೆಕ್ಟ್ ಮಾಡಿದ್ರೆ ಇನ್ಯಾರೇ ಪಾಸ್ ಮಾಡ್ತಾರೆ?" ಎಂದು ಅವರು ಹಣೆ ಚಚ್ಚಿಕೊಳ್ಳುವರು. ಆದರೂ ಗೀಟುಗಳು ಮೇಲೇರುತ್ತಿದ್ದವು. ಕಿವಿಯ ಎತ್ತರ ದಾಟಿದ ದಿನ ನಮ್ಮಿಬ್ಬರಿಗೂ ಎಷ್ಟು ಸಡಗರವೆಂದರೆ ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದೂ ತಿಳಿಯಲಿಲ್ಲ.

ಇಷ್ಟೆಲ್ಲ ನಾಲ್ಕು ಗೋಡೆಗಳ ಒಳಗೆ. ಬೀದಿಯವರಿಗೆ ನಾನು ಹೇಳಿದ್ದು ಬೇರೆ ಕತೆ: ಬಿದ್ದು ಕೈ ಉಳುಕಿದೆ. ಕ್ಯಾನ್ಸರ್ ಎಂದ ಕೂಡಲೇ ಜನ ದನಿ ತಗ್ಗಿಸಿ, ಆಗಲೇ ಫೋಟೋಗೆ ಹಾರ ಹಾಕಿದವರ ಹಾಗೆ ನೋಡುತ್ತಾರಲ್ಲ, ಆ ನೋಟಕ್ಕೆ ನಾನು ಆಪರೇಷನ್ನಿಗಿಂತ ಹೆಚ್ಚು ಹೆದರಿದ್ದೆ.

ನಮ್ಮ ಮನೆಯ ಓನರ್ ಗಂಗಮ್ಮ ಕೆಳಗಿನ ಮನೆಯಲ್ಲೇ ಇರುವವರು. ದಾಸರಹಳ್ಳಿಯ ಹಳಬರು, ನಾವಿರುವ ಮೂರಂತಸ್ತಿನ ಮನೆಯ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ ಕೊಯ್ದವರು. ಒಂದು ಬೆಳಿಗ್ಗೆ ಸೋರುವ ನಲ್ಲಿ ನೋಡಲು ಮೇಲೆ ಬಂದವರು ಗೋಡೆ ನೋಡಿ ನಿಂತುಬಿಟ್ಟರು.

"ಇದೇನ್ ನಿರ್ಮಲಮ್ಮ, ಒಸಾ ಬಣ್ಣ ಒಡ್ಸಿದ್ ಗ್ವಾಡೆ ಮ್ಯಾಲೆ ಇಂಗ್ ಗೀಚಿದ್ದೀರಿ? ಮನೇಲಿ ಚಿಕ್ಕ ಮಕ್ಳೂ ಇಲ್ವಲ್ಲ!"

ಬಸವರಾಜು ಸ್ಕೇಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಯವಾಗಿ ಅಡುಗೆಮನೆಗೆ ಜಾರಿದರು. ನಾನು ಸೋಪಿನ ಮೇಲೆ ಜಾರಿ ಬಿದ್ದ ಕತೆ ಶುರುಮಾಡಿದೆ.

"ನಂಗೆ ಸೋಪು ಅಂತೀರಿ. ಎದುರುಮನೆಯೋಳಿಗೆ ಏಣಿಯಿಂದ ಬಿದ್ದೆ ಅಂದ್ರಂತೆ. ಎಲ್ಡು ಸಲ ಬಿದ್ರಾ?"

ಇಪ್ಪತ್ತು ವರ್ಷ ಬೇರೆಯವರ ಮಾಲಿನಲ್ಲಿ ತಪ್ಪು ಹುಡುಕಿದವಳ ಸುಳ್ಳು ಗಂಗಮ್ಮನ ಮುಂದೆ ಎರಡು ನಿಮಿಷ ನಿಲ್ಲಲಿಲ್ಲ. ನಿಜ ಹೇಳಿಬಿಟ್ಟೆ. ಹೇಳಿ, ಆ ನೋಟಕ್ಕಾಗಿ ಕಾದು ನಿಂತೆ. ಗಂಗಮ್ಮ ಅಯ್ಯೋ ಎನ್ನಲಿಲ್ಲ. ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

"ಅದು ಮೊದ್ಲು ನೋಯ್ತಿತ್ತಾ?"

"ಇಲ್ಲಕ್ಕ, ಒಂಚೂರೂ ನೋವಿರಲಿಲ್ಲ. ಅದಕ್ಕೇ ತಡ ಮಾಡಿದ್ದು."

ಅವರ ಕೈ ಸೆರಗಿನೊಳಗೆ ಎಡಗಡೆಗೆ ಹೋಯಿತು. "ನಂಗೂ ಒಂದು ಗಂಟೈತೆ. ಯುಗಾದಿಗೂ ಮುಂಚಿಂದ. ಯಾರಿಗೂ ಯೋಳಿಲ್ಲ. ಸೊಸೆ ಮುಂದೆ ಎಂಗಮ್ಮ ಯೋಳ್ಲಿ?"

ನನ್ನ ಕೈ ಮರೆತುಹೋಯಿತು. ನಾಳೆ ಬೆಳಿಗ್ಗೆಯೇ ಆಸ್ಪತ್ರೆಗೆ ಎಂದೆ. ಶುಕ್ರವಾರ ಆಗಲಿ, ಮಗಳು ಬರಲಿ, ನಲ್ಲಿ ರಿಪೇರಿ ಆಗಲಿ ಎಂದು ಅವರು ಒಂದೊಂದೇ ನೆಪ ತೆಗೆದರು. ನಾನು ಒಂದೊಂದನ್ನೂ ವಾಪಸು ಕಳಿಸಿದೆ. ಮಾರನೆಯ ದಿನ ರಸ್ತೆಗೆ ಬಂದು ನಿಂತಾಗಲೂ ಅವರು "ಮನೇಗ್ ಓಗೋಣ ನಡೀರಿ" ಎಂದು ನನ್ನ ಎಡಗೈ ಎಳೆಯುತ್ತಿದ್ದರು. ಅಷ್ಟರಲ್ಲಿ ಖಾಲಿ ಆಟೋ ಒಂದು ರೊಯ್ಯನೆ ಬಂತು. ತಪ್ಪಿಹೋದರೆ ಗಂಗಮ್ಮನೂ ತಪ್ಪಿಸಿಕೊಳ್ಳುತ್ತಾರೆ ಎನಿಸಿ "ಆಟೋ!" ಎಂದು ಕಿರುಚಿ ಕೈಯೆತ್ತಿದೆ. ಬಲಗೈ! ತಲೆಯ ಮೇಲೆ, ನೇರವಾಗಿ, ಆಕಾಶಕ್ಕೆ! ತಂತಿ ಎಳೆಯಿತು, ಎಳೆದರೆ ಎಳೆಯಲಿ. ಗೋಡೆಯಿಲ್ಲ, ಪೆನ್ಸಿಲಿಲ್ಲ, ಅಳೆಯಲು ಗಂಡನಿಲ್ಲ. ಆಟೋ ನಿಂತರೂ ನಾನು ಕೈ ಇಳಿಸಲಿಲ್ಲ.

"ಏನಕ್ಕ, ಆಟೋ ಬೇಕಾ, ಬೇಡ್ವಾ?"

"ಇರಪ್ಪ, ನಮ್ ನಿರ್ಮಲಮ್ಮಂದು ಕೈ ಎದ್ದೈತೆ, ವಸಿ ನೋಡ್ಕೊಳ್ಲಿ!" ಎಂದ ಗಂಗಮ್ಮ, ಆ ಗಲಾಟೆಯಲ್ಲಿ ತಾವೇ ಮೊದಲು ಹತ್ತಿ ಕೂತಿದ್ದರು.

ಸ್ಕ್ಯಾನ್ ಆಯಿತು, ಸೂಜಿ ಹಾಕಿ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆಯೂ ಆಯಿತು. ಫಲಿತಾಂಶಕ್ಕೆ ಕಾದ ವಾರವೆಲ್ಲ ಗಂಗಮ್ಮ ದಿನಾ ಮೇಲೆ ಬಂದು, ನನ್ನ ಪಕ್ಕ ನಿಂತು ತಾವೂ ಬೆರಳುಗಳನ್ನು ಗೋಡೆ ಹತ್ತಿಸುತ್ತಿದ್ದರು. ಕೊನೆಗೆ ಡಾಕ್ಟರು "ಇದು ಸಾಮಾನ್ಯ ಗಂಟು ಅಮ್ಮ, ಭಯಪಡೋ ಅಂಥದ್ದಲ್ಲ. ಆರು ತಿಂಗಳಿಗೆ ಬಂದು ತೋರಿಸಿ" ಎಂದಾಗ, ಅವರು ಅಲ್ಲೇ ಕಾರಿಡಾರಿನಲ್ಲಿ ನನ್ನನ್ನು ತಬ್ಬಿಕೊಂಡು ಅತ್ತರು. ನೋವಾಯಿತು, ನಾನೂ ತಬ್ಬಿಕೊಂಡೆ. ಸಂಜೆಯೊಳಗೆ ಗಂಗಮ್ಮನ ಬಾಯಿಂದ ಇಡೀ ಬೀದಿಗೆ ನನ್ನ ನಿಜ ಗೊತ್ತಾಗಿತ್ತು, ಮತ್ತು ಇನ್ನೂ ಮೂವರು ಹೆಂಗಸರು ಮೆಟ್ಟಿಲು ಹತ್ತಿ ಬಂದು, ಚಿಲಕ ಹಾಕಿ, ಯಾವ ಡಾಕ್ಟರು ಎಂದು ವಿಚಾರಿಸಿಕೊಂಡು ಹೋದರು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಹೊರಟೆ. ಮೆಟ್ರೋದಲ್ಲಿ ತಲೆಯ ಮೇಲೆ ತೂಗುವ ಹಿಡಿಯನ್ನು ಬಲಗೈಯಿಂದ ಹಿಡಿದೆ. ಒಬ್ಬ ಹುಡುಗಿ ಎದ್ದು "ಆಂಟಿ, ಕೂತ್ಕೊಳ್ಳಿ" ಎಂದಳು. "ಬೇಡಮ್ಮ, ನಾನು ನಿಂತ್ಕೊಳ್ಳೋಕೇ ಬಂದಿರೋದು" ಎಂದೆ. ಅವಳು ಫೋನು ಬಿಟ್ಟು ನನ್ನನ್ನೇ ನೋಡಿದಳು. ಆ ಹಿಡಿಗೆ ಜೋತುಬಿದ್ದು ಬೀಗುತ್ತಿದ್ದ ನನಗೆ ನನ್ನ ಸ್ಟೇಷನ್ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಮುಂದಿನದರಲ್ಲಿ ಇಳಿದು, ಎದುರು ಗಾಡಿ ಹಿಡಿದು ವಾಪಸು ಬಂದೆ. ಸೀಟು ಖಾಲಿಯಿದ್ದರೂ ಆಗಲೂ ನಿಂತೇ ಬಂದೆ. ಒಂದು ದಿನವೂ ತಡವಾಗಿ ಹೋಗದವಳು, ವಾಸಿಯಾಗಿ ಬಂದ ಮೊದಲ ದಿನವೇ ತಡ. ಬಾಗಿಲಲ್ಲಿ ಕಾಯುತ್ತಿದ್ದ ಮ್ಯಾನೇಜರು ನನ್ನ ಏದುಸಿರು ನೋಡಿ ಗಾಬರಿಯಾಗಿ, "ಅಯ್ಯೋ ಪಾಪ, ಇನ್ನೂ ಸುಸ್ತಿದೆ ಅನ್ಸುತ್ತೆ, ಇವತ್ತು ಸುಮ್ನೆ ಕೂತ್ಕೊಳ್ಳಿ ಮೇಡಂ" ಎಂದು ತಾವೇ ಕುರ್ಚಿ ತಂದು ಹಾಕಿ, ಒಳ್ಳೆಯ ಕಾಫಿ ತರಿಸಿದರು. ನಾನೂ ಮುಖವನ್ನು ಇನ್ನೊಂಚೂರು ಬಾಡಿಸಿಕೊಂಡು ಕೂತೆ.