ಫುಲ್‌ಟ್ಯಾಂಕ್ ಭಾವನ ಜನರೇಟರ್

"ಕರೆಂಟು ಹೋದರೆ ಹೋಗಲಿ ಕಣೇ! ಇಡೀ ಊರೇ ಕತ್ತಲಲ್ಲಿ ಕೂತಿರಲಿ! ನಿನ್ನ ಒಂದೇ ಒಂದು ಮೊಟ್ಟೆಗೆ ನೆಗಡಿಯಾದರೂ ನನ್ನ ಕಿವಿ ಹಿಂಡು!"

ಹಿತ್ತಿಲ ಶೆಡ್ಡಿನಲ್ಲಿ ಸೆಕೆಂಡ್‌ಹ್ಯಾಂಡ್ ಜನರೇಟರಿನ ಬೆನ್ನು ತಟ್ಟುತ್ತಾ ಫುಲ್‌ಟ್ಯಾಂಕ್ ಭಾವ ಹೀಗೆ ಘೋಷಿಸಿದಾಗ, ಯುದ್ಧಕ್ಕೆ ಹೊರಟ ಸೇನಾಪತಿ ಕೂಡ ಅವನ ಮುಂದೆ ಸಪ್ಪೆಯಾಗಿ ಕಾಣುತ್ತಿದ್ದ. ಹೆಂಡತಿ ಮಾತ್ರ ತಲೆ ಎತ್ತಲಿಲ್ಲ. ಕೋಳಿಗೂಡಿಗೆ ಜಾಲರಿ ಹೊಡೆಯುತ್ತಿದ್ದಳು, ಬಾಯಲ್ಲಿ ಮೊಳೆ ಇತ್ತು. ಮೊಳೆ ಇದ್ದದ್ದು ಭಾವನ ಅದೃಷ್ಟ!

ಭಾವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಫುಲ್‌ಟ್ಯಾಂಕ್ ಅಂತ ಹೆಸರಿಟ್ಟವನು ಹೆಂಡತಿಯ ತಮ್ಮ. ಭಾವ ಒಂದು ದೊಡ್ಡ ಆಫೀಸಿನಲ್ಲಿ ಸ್ಟೋರ್‌ಕೀಪರ್. ಅವನ ಕಪಾಟುಗಳೆಲ್ಲ ಸದಾ ತುಂಬಿರುತ್ತಿದ್ದವು, ಏಕೆಂದರೆ ಅವನು ಯಾರಿಗೂ ಏನನ್ನೂ ಕೊಡುತ್ತಿರಲಿಲ್ಲ. ಯಾರಾದರೂ ಒಂದು ಪೆನ್ಸಿಲ್ ಕೇಳಿದರೆ "ಕೊಟ್ಟರೆ ಕಮ್ಮಿಯಾಗುತ್ತಲ್ರೀ!" ಎಂದು ಗಾಬರಿಯಾಗುತ್ತಿದ್ದ. ಮನೆಯಲ್ಲೂ ಅದೇ ಆಡಳಿತ. ನೀರಿನ ಡ್ರಮ್ಮು ತುಂಬಿರಬೇಕು, ಮೊಬೈಲಿನ ಬ್ಯಾಟರಿ ತುಂಬಿರಬೇಕು, ಸ್ಕೂಟರಿನ ಟ್ಯಾಂಕು ಕುತ್ತಿಗೆಯವರೆಗೆ ತುಂಬಿರಬೇಕು. ಮದುವೆಗೆ ಉಡುಗೊರೆ ಬಂದ ಉಣ್ಣೆ ಕಂಬಳಿಗಳು ಪ್ಲಾಸ್ಟಿಕ್ ಹೊದಿಕೆಯಲ್ಲೇ ಬೀರುವಿನ ಮೇಲೆ ಕೂತು ಮುದಿಯಾಗುತ್ತಿದ್ದವು. ಮನೆಯವರಿಗೆ ಚಳಿಯಾದರೆ ಹಳೇ ದುಪ್ಪಟಿ!

ಹೆಂಡತಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಅಂಗಿಯ ಕಾಲರ್ ಹೊಲಿದು ಹೊಲಿದು, ಕನಸಲ್ಲೂ ಕಾಲರ್ ಕಂಡು ಬೆಚ್ಚಿ ಏಳುವಂತಾದ ಮೇಲೆ ಕೆಲಸ ಬಿಟ್ಟಿದ್ದಳು. ಕೋಳಿ ಸಾಕಿ, ಮೊಟ್ಟೆಗೆ ಕಾವು ಕೊಡುವ ಕರೆಂಟಿನ ಮೆಷಿನ್ ತಂದು, ಮರಿ ಮಾಡಿಸಿ ಮಾರುವುದು ಅವಳ ಆಸೆ. ಹೊರಡುವ ದಿನ ಸೂಪರ್‌ವೈಸರ್ ನಕ್ಕು ಹೇಳಿದ್ದ: "ಹೋಗಮ್ಮ, ಹೋಗು. ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ. ಬರ್ತೀಯ." ಆ 'ಬರ್ತೀಯ' ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಮೆಷಿನ್ನೂ ಜನರೇಟರೂ ಮಳೆಗಾಲಕ್ಕೆ ಮುಂಚೆಯೇ ಮನೆ ಸೇರಿದವು. ಭಾವ ಅವತ್ತೇ ಜನರೇಟರಿಗೆ ಪೆಟ್ರೋಲ್ ಕುಡಿಸಿ, ಮೇಲೊಂದು ಬೆಡ್‌ಶೀಟ್ ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ತುದಿಗಾಲಲ್ಲಿ ನಡೆದು ಹೊರಬಂದ. ಕೋಳಿಗಳು ಬೆಳೆದು ಮೊಟ್ಟೆ ಇಡುವ ಹೊತ್ತಿಗೆ ಮಳೆಗಾಲ ಮುಗಿದೇ ಹೋಗಿತ್ತು. ಅಷ್ಟು ದಿನವೂ ಗಂಡ ಹೆಂಡತಿಯ ನಡುವೆ ಒಂದೇ ಜಗಳ.

"ರೀ, ವಾರಕ್ಕೊಂದ್ಸಲನಾದ್ರೂ ಅದನ್ನ ಓಡಿಸಿ ನೋಡ್ರೀ."

"ಸುಮ್‌ಸುಮ್ನೆ ಓಡಿಸಿದ್ರೆ ಪೆಟ್ರೋಲ್ ಖಾಲಿಯಾಗಲ್ವೇನೇ?"

"ಖಾಲಿಯಾದ್ರೆ ಹೊಸದು ಹಾಕ್ಸೋಣ."

"ಹಾಕ್ಸಿದ್ದೇ ಇರೋವಾಗ ಹೊಸದ್ಯಾಕೆ?"

ಇಂಥ ತರ್ಕದ ಮುಂದೆ ಯಾವ ಹೆಂಡತಿ ತಾನೇ ನಿಂತಾಳು! ಅವಳು ಇನ್ನೊಂದು ದಿಕ್ಕಿನಿಂದ ಬಂದಳು. "ಕೋಳಿಗೆ ಹಾಕೋ ಮೆಕ್ಕೆಜೋಳದ ರೇಟು ಮತ್ತೆ ಏರಿದೆ, ಗೊತ್ತಾ? ಅಂಗಡಿಯವನನ್ನ ಕೇಳಿದ್ರೆ, ಜೋಳ ಎಲ್ಲಾ ಎಥನಾಲ್ ಫ್ಯಾಕ್ಟರಿಗೆ ಹೋಗ್ತಿದೆ, ಪೆಟ್ರೋಲಿಗೆ ಬೆರೆಸ್ತಾರೆ ಅಂದ."

"ಅದು ಪ್ರಗತಿ ಕಣೇ!"

"ನನ್ನ ಕೋಳಿ ತಿನ್ನೋದನ್ನ ನಿಮ್ಮ ಸ್ಕೂಟರ್ ಕುಡಿಯೋದು ಪ್ರಗತೀನಾ? ಕುಡಿದಾದ್ರೂ ಮುಂಚಿನಷ್ಟು ದೂರ ಓಡುತ್ತಾ? ಮೈಲೇಜ್ ಬಿದ್ದೋಯ್ತು ಅಂತ ನೀವೇ ಮೊನ್ನೆ ಗೊಣಗ್ತಿದ್ರಿ."

ಮೂಲೆಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ಅಮ್ಮ, ತಲೆ ಎತ್ತದೆ ಅಂದರು: "ಕುಡಿದವರು ಯಾರು ತಾನೇ ನೆಟ್ಟಗೆ ಓಡ್ತಾರೆ, ಬಿಡೇ!"

ಕೊನೆಗೂ ಮೆಷಿನ್ ತುಂಬ ಮೊಟ್ಟೆ ಕೂತವು. ಹೆಂಡತಿ ಬಿಸಿ ನೋಡುವುದೇನು, ತೇವ ನೋಡುವುದೇನು, ಗಾಜಿಗೆ ಮೂಗು ಒತ್ತಿ ನಿಲ್ಲುವುದೇನು! ಮೂರನೇ ವಾರ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಅವಳು ಓಡಿಬಂದು ಭಾವನ ಕೈ ಹಿಡಿದು ಎಳೆದೊಯ್ದಳು. ಮೊಟ್ಟೆಯ ಒಳಗಿನಿಂದ ಚಿಂವ್ ಚಿಂವ್! ಇನ್ನೂ ಹುಟ್ಟದವರು ಮಾತಾಡುತ್ತಿದ್ದಾರೆ! ಭಾವನೂ ಗಾಜಿಗೆ ಮೂಗು ಒತ್ತಿದ.

ಅದೇ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗಾಳಿಗೆ ಒಂದು ಕೊಂಬೆ ಮುರಿದು ವೈರಿನ ಮೇಲೆ ಬಿತ್ತು. ಟಪ್! ಮೆಷಿನ್ನಿನ ದೀಪ ಆರಿತು.

"ರೀ..." ಎಂದಳು ಹೆಂಡತಿ. ಕರೆಂಟಿನ ಆಫೀಸಿಗೆ ಫೋನ್ ಮಾಡಿದರೆ "ಸಂಜೆಯಾಗುತ್ತೆ" ಎಂಬ ಉತ್ತರ.

"ಸಂಜೆಯೇ ಆಗಲಿ, ಮುಂದಿನ ವರ್ಷವೇ ಆಗಲಿ!" ಭಾವ ತೋಳೇರಿಸಿದ. ಶೆಡ್ಡಿಗೆ ನುಗ್ಗಿ, ಬೆಡ್‌ಶೀಟನ್ನು ಪರದೆ ಸರಿಸುವ ಠೀವಿಯಲ್ಲಿ ಎಳೆದು, ಹಗ್ಗ ಹಿಡಿದು ಜಗ್ಗಿದ. ಜನರೇಟರ್ 'ಘುರ್' ಎಂದಿತು. ಮತ್ತೆ ಜಗ್ಗಿದ. 'ಘು' ಎಂದಿತು. ಮತ್ತೆ ಜಗ್ಗಿದ. ಏನೂ ಅನ್ನಲಿಲ್ಲ. ಬೆವರು ಕಿತ್ತುಕೊಂಡು ಬಂತು. ಜಗ್ಗಿ ಜಗ್ಗಿ ಭಾವನೇ 'ಘುರ್' ಅನ್ನತೊಡಗಿದ!

"ಅಳಿಯಂದ್ರೇ," ಬಾಗಿಲಲ್ಲಿ ನಿಂತ ಅತ್ತೆ ಕೇಳಿದರು, "ಇದು ಜನರೇಟರೋ, ಬಾವಿಯಿಂದ ನೀರು ಸೇದೋದೋ?"

ಅತ್ತೆ ಅಂದದ್ದು ನಿಜವೇ ಆಯಿತು. ಪೆಟ್ರೋಲ್ ಬರುತ್ತಿದೆಯೋ ಇಲ್ಲವೋ ನೋಡಲು ಭಾವ ರಬ್ಬರ್ ಪೈಪಿಗೆ ಕೈ ಹಾಕಿದರೆ, ಪೈಪು ಊದಿಕೊಂಡು ಅಗಿದುಬಿಟ್ಟ ಚೂಯಿಂಗ್ ಗಮ್ಮಿನಂತಾಗಿ ಕೈಗೇ ಕಿತ್ತು ಬಂತು. ಸೋರಿದ್ದನ್ನು ಗಾಜಿನ ಬಾಟಲಿಗೆ ಹಿಡಿದ. ತಳದಲ್ಲಿ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ಅಲ್ಲಾಡಿಸಿದರೂ ಹಟ ಹಿಡಿದ ಗಂಡ ಹೆಂಡತಿಯಂತೆ ಮತ್ತೆ ಬೇರೆ ಬೇರೆ!

"ಯಾರೋ ನನ್ನ ಟ್ಯಾಂಕಿಗೆ ನೀರು ಹೊಯ್ದಿದ್ದಾರೆ!" ಭಾವ ಗುಡುಗಿದ. ಬಾಮೈದನಿಗೆ ಫೋನ್ ಮಾಡಿದ.

ಬಾಮೈದ ಆ ಕಡೆ ಹೊಟ್ಟೆ ಹಿಡಿದು ನಕ್ಕ. "ಯಾರೂ ಹೊಯ್ದಿಲ್ಲ ಭಾವಾ. ನನ್ನ ಹಳೇ ಬೈಕಿಗೂ ಇದೇ ಗತಿಯಾಗಿತ್ತು. ಈಗಿನ ಪೆಟ್ರೋಲಲ್ಲಿ ಜೋಳದ ಎಥನಾಲ್ ಇರುತ್ತಲ್ಲ, ಅದಕ್ಕೆ ನೀರು ಅಂದ್ರೆ ಪ್ರಾಣ. ಗಾಳೀಲಿರೋ ತೇವಾನೆಲ್ಲ ಹೀರ್ಕೊಂಡು, ಜಾಸ್ತಿಯಾದ್ಮೇಲೆ ನೀರಿನ ಜೊತೆ ತಳಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಇಂಜಿನ್ ಎಳೆಯೋದು ತಳದಿಂದ್ಲೇ. ಹಳೇ ಮೆಷಿನ್ನಿನ ರಬ್ಬರನ್ನೂ ತಿಂದಾಕುತ್ತೆ. ನೀವು ತುಂಬಿಸಿದ್ದು ಯಾವಾಗ?"

"ಮಳೆಗಾಲಕ್ಕೆ ಮುಂಚೆ."

"ಆಮೇಲೆ?"

"ಆಮೇಲೆ... ಭದ್ರವಾಗಿಟ್ಟಿದ್ದೆ."

"ಅದೇ ತಪ್ಪು ಭಾವಾ! ಅದು ಇಡೋ ಮಾಲಲ್ಲ, ಓಡ್ಸೋ ಮಾಲು! ಪೈಪು, ಹೊಸ ಪೆಟ್ರೋಲು ತರ್ತೀನಿ. ಆದ್ರೆ ನಾನು ಬರೋದು ಮಧ್ಯಾಹ್ನ ಆಗುತ್ತೆ."

ಇಡೀ ಜೀವಮಾನ ಕೂಡಿಟ್ಟವನಿಗೆ, ಕೂಡಿಟ್ಟರೆ ಕೆಡುವ ಪದಾರ್ಥವೊಂದು ಕೊನೆಗೂ ಸಿಕ್ಕಿತ್ತು! ಭಾವ ಒಳಗೆ ಬಂದ. ಹೆಂಡತಿ ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತಿದ್ದಳು.

"ಬಿಸಿ ಇಳೀತಿದೆ," ಅಂದಳು. "ಚಿಂವ್ ಅನ್ನೋದೂ ಕಮ್ಮಿಯಾಗಿದೆ. ಆ ಕುರ್ಚಿಗೆ ವಾಪಸ್ ಹೋಗ್ಬೇಕಾ ರೀ?"

ಹುಟ್ಟಿದಾಗಿನಿಂದ ಮೊದಲ ಸಲ ಭಾವ ಘೋಷಣೆ ಬಿಟ್ಟು ಕೆಲಸಕ್ಕಿಳಿದ. ಅವನು ಸ್ಟೂಲು ಎಳೆದು, ಬೀರುವಿನ ಮೇಲಿನ ಕಂಬಳಿಗಳನ್ನು ಇಳಿಸಿ, ಪ್ಲಾಸ್ಟಿಕ್ ಹೊದಿಕೆಯನ್ನು ಪರಪರ ಹರಿದ. ಅತ್ತೆ ಬಾಯಿ ತೆರೆದು ನೋಡಿದರು. ಆಫೀಸಿನ ಮುಂದಿನ ವಿದಾಯ ಸಮಾರಂಭಗಳಲ್ಲಿ ಉಡುಗೊರೆ ಕೊಡಲೆಂದು ಎತ್ತಿಟ್ಟಿದ್ದ ಫ್ಲಾಸ್ಕುಗಳ ಡಬ್ಬ ಒಡೆದ. ಯಾರಿಗಾದರೂ ಸೊಂಟ ಹಿಡಿದರೆ ಇರಲಿ ಎಂದು ಕೂಡಿಟ್ಟಿದ್ದ ರಬ್ಬರಿನ ಬಿಸಿನೀರಿನ ಚೀಲಗಳನ್ನೂ ಹೊರತೆಗೆದ.

"ಅಳಿಯಂದ್ರೇ, ಹುಷಾರಾಗಿದ್ದೀರಿ ತಾನೇ?"

"ಅತ್ತೆ, ನೀವು ನೀರು ಕಾಯ್ಸಿ!"

ಮಂಚದ ಮೇಲೆ ಕಂಬಳಿ ಹಾಸಿ, ಸುತ್ತ ಬಿಸಿನೀರಿನ ಚೀಲದ ಕೋಟೆ ಕಟ್ಟಿ, ಮೊಟ್ಟೆಗಳನ್ನು ಮೆತ್ತಗೆ ಜೋಡಿಸಿದರು. ಆದರೂ ಅಂಚಿನಲ್ಲಿದ್ದವು ತಣ್ಣಗಿದ್ದವು. ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ಅಳೆದು ತೀರ್ಪು ಕೊಟ್ಟರು: "ಚಳೀಲೂ ಫ್ಯಾನ್ ಹಾಕ್ಕೊಂಡು ಮಲಗೋ ಮೈ ಇದು, ಒಲೆ ಇದ್ದ ಹಾಗೆ. ಮಲ್ಕೊಳ್ಳಿ!"

ಭಾವ ಅಂಗಿ ಬಿಚ್ಚಿ ಮಲಗಿದ. ಮಿಕ್ಕ ಮೊಟ್ಟೆಗಳು ಅವನ ಕಂಕುಳಲ್ಲಿ, ಹೊಟ್ಟೆಯ ಪಕ್ಕದಲ್ಲಿ, ಮೊಣಕೈ ಮಡಿಕೆಯಲ್ಲಿ ಜಾಗ ಹಿಡಿದವು. ಮೇಲೆ ಕಂಬಳಿ. "ಅಲ್ಲಾಡಬೇಡಿ," ಅಂದಳು ಹೆಂಡತಿ. ಮೂಗು ತುರಿಸಿತು, ಅಲ್ಲಾಡಲಿಲ್ಲ. ಸೀನು ಬಂತು, ನುಂಗಿದ. ಕಾಲು ಜೋಮು ಹಿಡಿದು ಸತ್ತೇಹೋಯಿತು. ಹೆಂಡತಿ ಪಕ್ಕದಲ್ಲಿ ಕೂತು ನೀರಿನ ಚೀಲ ಬದಲಿಸುತ್ತಾ, ನಡುನಡುವೆ ಅವನ ಹಣೆಯ ಬೆವರನ್ನೂ ಒರೆಸಿದಳು.

ಬಾಮೈದ ಪೈಪು ಹಿಡಿದು ಬಂದು ನೋಡಿದವನೇ ಮೊದಲು ಮೊಬೈಲ್ ತೆಗೆದು ಒಂದು ಫೋಟೋ ಹೊಡೆದ. ಆಮೇಲೆ ಜನರೇಟರಿನ ಹಳೇ ಪೆಟ್ರೋಲ್ ಬಸಿದು, ಪೈಪು ಬದಲಿಸಿ, ಒಳಗೆಲ್ಲ ತೊಳೆದು, ಕಡೆಗೂ ಭರ್ ಎಂದು ಓಡಿಸಿದ. ಮೆಷಿನ್ನಿನ ದೀಪ ಹತ್ತಿತು. ಹೆಂಡತಿ ಮೊಟ್ಟೆ ಎತ್ತಲು ಕಂಬಳಿ ಸರಿಸಿದಳು.

"ಮುಟ್ಬೇಡ!" ಭಾವ ಪಿಸುಗುಟ್ಟಿದ. "ಪಕ್ಕೆಗೆ ಯಾರೋ ಕುಟುಕ್ತಿದ್ದಾರೆ."

ಕಂಕುಳಿನ ಮೊಟ್ಟೆ ಬಿರುಕು ಬಿಟ್ಟಿತ್ತು. ಒದ್ದೆ ಒದ್ದೆಯಾದ ಒಂದು ತಲೆ ಹೊರಬಂದು, ಭಾವನ ಮೀಸೆಯನ್ನು ನೋಡಿ, "ಚಿಂವ್!" ಎಂದು ನೆಂಟಸ್ತಿಕೆ ಬೆಳೆಸಿತು. ಆಮೇಲೆ ಇನ್ನೊಂದು, ಮತ್ತೊಂದು. ಕೆಲವು ಮೊಟ್ಟೆ ಕೊನೆಗೂ ಒಡೆಯಲಿಲ್ಲ. ಆದರೆ ಒಡೆದವೇ ಬುಟ್ಟಿ ತುಂಬ! ಹೆಂಡತಿ ಅಳುತ್ತಾ ನಗುತ್ತಿದ್ದಳು. "ಆ ಸೂಪರ್‌ವೈಸರಿಗೆ ಫೋನ್ ಮಾಡೋ," ಎಂದು ತಮ್ಮನಿಗೆ ಹೇಳಿದಳು, "ಕುರ್ಚಿ ಯಾರಿಗಾದ್ರೂ ಕೊಡು ಅನ್ನು!"

ಮರುದಿನ ಬೆಳಿಗ್ಗೆ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಫೀಸಿಗೆ ಹೊರಟ. ಬುಟ್ಟಿಯಿಂದ ಒಂದೇ ಸಮನೆ ಗಲಾಟೆ ಎದ್ದಿತು. ಅವನು ವಾಪಸ್ ಬಂದರೆ ನಿಶ್ಶಬ್ದ. ಬಾಗಿಲಿಗೆ ಹೋದರೆ ಮತ್ತೆ ಆಕ್ರಂದನ! ನೆಲಕ್ಕೆ ಬಿಟ್ಟರೆ ಇಡೀ ಸೈನ್ಯ ಉರುಳುತ್ತಾ ಬೀಳುತ್ತಾ ಅವನ ಪ್ಯಾಂಟಿನ ಹಿಂದೆ! ಹೆಂಡತಿ ಕರೆದರೂ ತಿರುಗಿ ನೋಡುವವರಿಲ್ಲ.

ವಿಧಿಯಿಲ್ಲದೆ ಭಾವ ಆಫೀಸಿಗೆ ಫೋನ್ ಮಾಡಿದ.

"ಸಾರ್, ಇವತ್ತೊಂದು ದಿನ ರಜಾ ಬೇಕಿತ್ತು."

"ನೀವಾ? ರಜಾನೂ ಕೂಡಿಟ್ಟಿರೋ ಮನುಷ್ಯ ನೀವು! ಏನ್ರೀ ಅಂಥಾದ್ದು?"

"ಮನೇಲಿ... ಹೆರಿಗೆ ಆಗಿದೆ ಸಾರ್."

"ಅರೆ! ಹೇಳ್ಲೇ ಇಲ್ವಲ್ರೀ! ಯಾರಿಗೆ?"

ಭಾವ ಹೆಂಡತಿಯ ಮುಖ ನೋಡಿದ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ಅಷ್ಟರಲ್ಲಿ ಒಂದು ಮರಿ ಅವನ ಶೂ ಹತ್ತಿ, ಲೇಸಿನ ಮೇಲೆ ಆರಾಮಾಗಿ ಕಣ್ಣು ಮುಚ್ಚಿತು. ಭಾವ ನಿಟ್ಟುಸಿರು ಬಿಟ್ಟು ಒಪ್ಪಿಕೊಂಡ:

"ನನಗೇ, ಸಾರ್!"